ವಾರಕ್ಕೊಮ್ಮೆ ಅಂದರೆ ಯಾವ ಲೆಕ್ಕ?

ಗೃಹೋಪಯೋಗಿ ವಸ್ತುಗಳ ಕೈಪಿಡಿಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಹೊಟ್ಟೆಪಾಡಿನ ಕೆಲಸಗಳಲ್ಲೊಂದು. ಮಿಕ್ಸಿ, ಕೂಲರ್, ನೀರಿನ ಫಿಲ್ಟರ್, ಯಾವುದೇ ಇರಲಿ, ಕೊನೆಗೆ ಒಂದು ಪಟ್ಟಿ ಇದ್ದೇ ಇರುತ್ತದೆ: ಇದನ್ನು ವಾರಕ್ಕೊಮ್ಮೆ 'ಕ್ಲೀನ್' ಮಾಡಿ, ಅದನ್ನು ಆರು ತಿಂಗಳಿಗೊಮ್ಮೆ 'ರಿಪ್ಲೇಸ್' ಮಾಡಿ. ಅಂಕಿಯನ್ನು ಅನುವಾದಿಸುವುದು ಸುಲಭ. ಕಷ್ಟ ಬರುವುದು 'ಕ್ಲೀನ್' ಎಂಬಲ್ಲಿ. ನಾವು ಅಂಗಳ ಗುಡಿಸುತ್ತೇವೆ, ನೆಲ ಸಾರಿಸುತ್ತೇವೆ, ಮೇಜು ಒರೆಸುತ್ತೇವೆ, ಪಾತ್ರೆ ತಿಕ್ಕುತ್ತೇವೆ, ದೀಪ ಬೆಳಗುತ್ತೇವೆ, ಬಟ್ಟೆ ಒಗೆಯುತ್ತೇವೆ, ಕಂಬಳಿ ಕೊಡವುತ್ತೇವೆ. ಇವನ್ನೆಲ್ಲ ಬಿಟ್ಟು 'ಸ್ವಚ್ಛಗೊಳಿಸಿ' ಎಂದು ಬರೆದರೆ ಯಾರೂ ತಪ್ಪೆನ್ನುವುದಿಲ್ಲ. ಆದರೆ ಆ ಪದ ಓದಿದವರ ಕೈಗೆ ಏನು ಕೆಲಸ ಎಂಬುದು ತಿಳಿಯುವುದಿಲ್ಲ. ಹಾಗೆಯೇ, ಯಾಕೆ ಎಂದು ಹೇಳದ 'ವಾರಕ್ಕೊಮ್ಮೆ' ಕೂಡ ಬರೀ ಅಪ್ಪಣೆ, ಸಲಹೆಯಲ್ಲ.

ನಾನಿರುವ ಹೈದರಾಬಾದಿನ ಕೂಲರನ್ನೇ ನೋಡಿ. ಮಾರ್ಚ್ ಬಂತೆಂದರೆ ಅಟ್ಟದಿಂದ ಇಳಿಯುತ್ತದೆ. ಮಳೆ ಶುರುವಾದ ಮೇಲೆ ತಳದಲ್ಲಿ ನಾಲ್ಕು ಬೆರಳು ನೀರಿಟ್ಟುಕೊಂಡು ಬಾಲ್ಕನಿಯಲ್ಲೇ ನಿಂತಿರುತ್ತದೆ. ಇದರ ಜೊತೆಗೆ, ಊರಿನ ಹೆಚ್ಚಿನ ಭಾಗಕ್ಕೆ ನಲ್ಲಿ ನೀರು ಬರುವುದು ದಿನ ಬಿಟ್ಟು ದಿನ. ಹಾಗಾಗಿ ಸಂಪು, ಡ್ರಮ್ಮು, ಬಕೆಟ್ಟುಗಳಲ್ಲಿ ನೀರು ಕೂಡಿಡದ ಮನೆ ಕಡಿಮೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದೂ ಇಂಥ ನಿಂತ ತಿಳಿನೀರೇ. ಬೆಚ್ಚಗಿನ ಹವೆಯಲ್ಲಿ ಅದರ ಮೊಟ್ಟೆ ಹಾರುವ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಆರೋಗ್ಯ ಇಲಾಖೆಗಳು ವಾರಕ್ಕೊಂದು 'ಡ್ರೈ ಡೇ' ಮಾಡಿ ಎನ್ನುವುದು ಈ ಲೆಕ್ಕದಿಂದಲೇ. ಆ ವಾರ ನಮ್ಮ ಅನುಕೂಲದ ವಾರವಲ್ಲ, ಸೊಳ್ಳೆಯ ವಾರ. ಹದಿನೈದು ದಿನಕ್ಕೊಮ್ಮೆ ಎಷ್ಟೇ ಚೆನ್ನಾಗಿ ತೊಳೆದರೂ ನಡುವೆ ಒಂದು ಪೀಳಿಗೆ ಹಾರಿಹೋಗಿರುತ್ತದೆ.

ಇಲ್ಲಿ ಕ್ರಿಯಾಪದವೂ ಅಷ್ಟೇ ಮುಖ್ಯ. ಈ ಸೊಳ್ಳೆ ಮೊಟ್ಟೆಗಳನ್ನು ನೀರಿನ ಅಂಚಿಗಿಂತ ತುಸು ಮೇಲೆ, ಪಾತ್ರೆಯ ಗೋಡೆಗೆ ಅಂಟಿಸಿಡುತ್ತದೆ. ಅವು ಒಣಗಿದ ಸ್ಥಿತಿಯಲ್ಲೇ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಅಂದಮೇಲೆ ನೀರು ಚೆಲ್ಲಿದರೆ ಸಾಲದು, ಗೋಡೆಯನ್ನು ತಿಕ್ಕಬೇಕು. 'ಕೂಲರಿನ ತೊಟ್ಟಿಯನ್ನು ವಾರಕ್ಕೊಮ್ಮೆ ಸ್ವಚ್ಛಗೊಳಿಸಿ' ಎಂಬ ವಾಕ್ಯ ಓದಿದವರು ನೀರು ಚೆಲ್ಲಿ, ಕೆಲಸ ಮುಗಿಯಿತು ಎಂದುಕೊಂಡರೆ ತಪ್ಪು ಅವರದಲ್ಲ, ವಾಕ್ಯದ್ದು.

ಇನ್ನು ಪಾತ್ರೆ ತಿಕ್ಕುವ ಸ್ಪಂಜು. ಜರ್ಮನಿಯ ಸಂಶೋಧಕರು ಅಡುಗೆಮನೆಗಳಲ್ಲಿ ಬಳಸಿದ 14 ಸ್ಪಂಜುಗಳನ್ನು ಪರೀಕ್ಷಿಸಿ 2017ರಲ್ಲಿ ಒಂದು ವರದಿ ಪ್ರಕಟಿಸಿದರು. ಕೆಲವು ಕಡೆ ಒಂದು ಘನ ಸೆಂಟಿಮೀಟರಿನಲ್ಲಿ 5,000 ಕೋಟಿಗೂ ಹೆಚ್ಚು ಬ್ಯಾಕ್ಟೀರಿಯಾ ಇದ್ದವು. ತಾವು ಆಗಾಗ ಶುಚಿ ಮಾಡುತ್ತೇವೆ ಎಂದವರ ಸ್ಪಂಜುಗಳಲ್ಲೂ ಅವು ಕಡಿಮೆ ಇರಲಿಲ್ಲ. ವಾರಕ್ಕೊಮ್ಮೆ ಸ್ಪಂಜು ಬದಲಿಸಿ ಎಂದು ಅವರು ಸೂಚಿಸಿದರು. ಅಂಕಿ ಲೋಕವೆಲ್ಲ ಸುತ್ತಿತು, ಕಾರಣ ಹಿಂದುಳಿಯಿತು. ಕಾರಣ ತೇವ. ಸ್ಪಂಜಿನ ಒಳಗು ಒಣಗುವುದೇ ಇಲ್ಲ. ತೆಂಗಿನ ನಾರನ್ನೋ ಒಣ ಹೀರೆಯ ನಾರನ್ನೋ ಹಿಂಡಿ ಕಿಟಕಿಗೆ ಸಿಕ್ಕಿಸಿದರೆ ಹೈದರಾಬಾದಿನ ಏಪ್ರಿಲ್ ಬಿಸಿಲಿಗೆ ಬೇಗ ಗರಿಗರಿಯಾಗುತ್ತದೆ. ಅದೇ ನಾರು ಆಗುಂಬೆಯ ಜುಲೈಯಲ್ಲಿ ದಿನವಿಡೀ ಹಸಿಯಾಗಿಯೇ ಇರುತ್ತದೆ. ಈ ಎರಡು ಅಡುಗೆಮನೆಗಳಿಗೂ ಒಂದೇ ಅಂಕಿ ಹೊಂದುವುದು ಹೇಗೆ? ಕಾರಣ ಗೊತ್ತಿದ್ದವರು ಅಂಕಿಯನ್ನು ತಮ್ಮ ಊರಿಗೆ ಹೊಂದಿಸಿಕೊಳ್ಳಬಲ್ಲರು. ಅಂಕಿ ಮಾತ್ರ ಗೊತ್ತಿದ್ದವರು ಸ್ಪಂಜು ಕೊಳ್ಳುತ್ತಲೇ ಇರಬೇಕು.

ಹಾಗಂತ ಎಲ್ಲವನ್ನೂ ಕಣ್ಣಳತೆಗೆ ಬಿಡಲಾಗುವುದಿಲ್ಲ. ಗ್ಯಾಸ್ ಒಲೆಯ ರಬ್ಬರ್ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು. ರಬ್ಬರು ಬಿಸಿಗೆ, ಎಣ್ಣೆಗೆ, ವಯಸ್ಸಿಗೆ ಗಡುಸಾಗಿ ಬಿರುಕು ಬಿಡುತ್ತದೆ. ಅದು ಒಲೆಯ ಹಿಂದೆ, ಕಟ್ಟೆಯ ಕೆಳಗೆ ಇರುವುದರಿಂದ ಬಿರುಕು ನಮಗೆ ಕಾಣುವುದಿಲ್ಲ. ಕಣ್ಣಿಗೆ ಕಾಣದ್ದಕ್ಕೆ ತಾರೀಖು ಬೇಕೇ ಬೇಕು. ನಾವು ಮಾಡುವುದು ಇದರ ತಿರುವುಮುರುವು. ಎದುರಿಗೆ ಕಾಣುವ ಪರದೆ, ಹಾಸಿಗೆ ಹೊದಿಕೆಗೆ ವಾರದ ಲೆಕ್ಕ ಇಡುತ್ತೇವೆ. ಪೈಪನ್ನು ಗ್ಯಾಸಿನ ವಾಸನೆ ಬರುವವರೆಗೆ ಮುಟ್ಟುವುದಿಲ್ಲ.

ಹಿಂದಿನವರು ತಾರೀಖನ್ನು ಹಬ್ಬಕ್ಕೆ ಕಟ್ಟಿದ್ದರು. ದೀಪಾವಳಿಗೆ ಮುಂಚಿನ ನೀರು ತುಂಬುವ ಹಬ್ಬದಂದು ಹಂಡೆ ತಿಕ್ಕಿ, ಬೆಳಗಿ, ಹೊಸ ನೀರು ತುಂಬಿ ಪೂಜೆ ಮಾಡುವುದು ಕನ್ನಡ ಮನೆಗಳ ರೂಢಿ. ಇಲ್ಲಿನ ತೆಲುಗು ನೆರೆಯವರು ಸಂಕ್ರಾಂತಿಯ ಹಿಂದಿನ ದಿನ ಭೋಗಿಯ ಬೆಂಕಿಗೆ ಮನೆಯ ಹಳೆಯದನ್ನು ಹಾಕುತ್ತಾರೆ. ಒಂದು ಹಬ್ಬ 'ಕ್ಲೀನ್', ಇನ್ನೊಂದು 'ರಿಪ್ಲೇಸ್'. ಹಂಡೆ ಹೋಗಿ ಛಾವಣಿಯ ಪ್ಲಾಸ್ಟಿಕ್ ಟ್ಯಾಂಕ್ ಬಂದಿದೆ. ಹಬ್ಬ ಮಾತ್ರ ಟ್ಯಾಂಕಿನವರೆಗೆ ಹತ್ತಿಲ್ಲ. ಆ ದಿನವನ್ನೇ ಟ್ಯಾಂಕು ತಿಕ್ಕುವ ದಿನ ಮಾಡಿಕೊಂಡರೆ ಯಾರೂ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕಾಗಿಲ್ಲ.

ಇಷ್ಟಕ್ಕೂ ಇದು ಬರೀ ಪದಗಳ ಜಗಳವಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರು ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ ನೂರಕ್ಕೆ 26. ಮಾಡುವ ಹೆಂಗಸರು ಅದಕ್ಕೆ ಕೊಡುವ ಸಮಯ ದಿನಕ್ಕೆ ಸರಾಸರಿ 299 ನಿಮಿಷ, ಮಾಡುವ ಗಂಡಸರು 97 ನಿಮಿಷ. ಪಟ್ಟಿಗೆ ಸೇರುವ ಪ್ರತಿಯೊಂದು 'ವಾರಕ್ಕೊಮ್ಮೆ'ಯೂ ಬಹುಪಾಲು ಆ 299ರ ಖಾತೆಗೇ ಬೀಳುತ್ತದೆ. ಇಲ್ಲವೇ ಅದೇ ಸಂಬಳಕ್ಕೆ ಮನೆಗೆಲಸದಾಕೆಯ ತಲೆಗೆ ಕಟ್ಟಲಾಗುತ್ತದೆ. 'ತಿಕ್ಕಿ', 'ಬದಲಿಸಿ' ಎಂಬ ಗೌರವದ ಬಹುವಚನ ಮನೆಮಂದಿಗೆಲ್ಲ ಹೇಳಿದಂತೆ ಕೇಳಿಸುತ್ತದೆ, ಅದನ್ನು ಪಾಲಿಸುವವರು ಮಾತ್ರ ಒಬ್ಬರೇ.

ಆದ್ದರಿಂದ ಮುಂದಿನ ಸಲ ಇಂಥ ಪಟ್ಟಿ ಕಂಡಾಗ ಯಾಕೆ, ಹೇಗೆ, ಯಾರು ಎಂದು ಕೇಳಿ. ಯಾಕೆ ಎಂಬುದಕ್ಕೆ ಉತ್ತರವಿಲ್ಲದ ಸಾಲುಗಳನ್ನು ಹೊಡೆದುಹಾಕಿ, ಒಬ್ಬರ ಕೆಲಸ ಅಷ್ಟಾದರೂ ಇಳಿಯಲಿ. ಉಳಿದದ್ದರಲ್ಲಿ ಕೂಲರು, ಟ್ಯಾಂಕು, ಗ್ಯಾಸ್ ಪೈಪುಗಳನ್ನು ಇದುವರೆಗೆ ಪಟ್ಟಿಯನ್ನು ಓದದವರ ಹೆಸರಿಗೆ ಬರೆಯಿರಿ.