ಕೂಸಿನ ಬಾಯಾಗ ಔಡಲೆಣ್ಣಿ ಹಾಕೂದು ನಿಲ್ಲಿಸ್ರಿ

1/8

"ಒಂದು ಚಮಚ ಔಡಲೆಣ್ಣಿ ಕುಡಸ್ರಿ, ಕೂಸಿನ ಹೊಟ್ಟಿ ಖಾಲಿ." ಇಂಥಾ ರೀಲ್ ನಿಮ್ಮ ಫೀಡಿನಾಗ ಇನ್ನೂ ಬಂದಿಲ್ಲ ಅಂದ್ರ ಪುಣ್ಯ ಮಾಡೀರಿ. ನಮ್ಮ ಕಡೆ ಎರಡೂ ಭಾಷಾದಾಗ ಬರ್ತಾವ, ಕನ್ನಡದಾಗ ಒಂದು, ಮರಾಠಿಯಾಗ ಒಂದು. ನೋಡಿದವರು ಹಿಂದ ಮುಂದ ವಿಚಾರ ಮಾಡದ ಫ್ಯಾಮಿಲಿ ಗ್ರೂಪಿಗೆ ದೂಡ್ತಾರ. ಈ ಸರಣಿ ಆ ಫಾರ್ವರ್ಡ್ ಬಟನ್ ವಿರುದ್ಧ.

"ಬಿಕಾಂ ಓದೋರಿಗೆ ಕೂಸಿನ ಹೊಟ್ಟಿ ಉಸಾಬರಿ ಯಾಕ?" ಅಂತ ಕೇಳೋರಿಗೆ ಮೊದಲ ಉತ್ತರ ಕೊಟ್ಟುಬಿಡ್ತೀನಿ. ನಮ್ಮ ಜೋಡಿ ಪಿಯುಸಿ ಪರೀಕ್ಷೆ ಬರೆದ ಹುಡುಗ್ಯಾರಾಗ ಕೆಲವರು ಇವತ್ತು ಬಾಣಂತನದಾಗ ಅದಾರ. ಉಳಿದವರ ಮನ್ಯಾಗ ಅಕ್ಕನ ಕೂಸೋ ಅಣ್ಣನ ಕೂಸೋ ಐತಿ. ರಾತ್ರಿ ಎರಡು ಗಂಟೆಗೆ ಕೂಸು ಕೆಂಪಗಾಗಿ ಅಳಾಕ ಹತ್ತಿದ್ರ ಮೊಬೈಲ್ ತಗದು ಹುಡುಕೋರು ನಾವ. ಆಗ ನಮಗೆ ಸಿಗೂದು ಇಂಥಾ ರೀಲ್. ಅಂದ್ರ ಈ ಜವಾಬ್ದಾರಿ ಹಿರ್ಯಾರದ್ದಷ್ಟ ಅಲ್ಲ, ನಮ್ಮದೂ ಹೌದು.

ನಾ ಡಾಕ್ಟರ್ ಅಲ್ಲ. ರೀಲ್ ಮಾಡಿದವರೂ ಡಾಕ್ಟರ್ ಅಲ್ಲ. ಒಂದ ಫರಕು, ನಾ ನಿಮಗ ಏನನ್ನೂ ಕುಡಸ್ರಿ ಅಂತ ಹೇಳಾಕ ಬಂದಿಲ್ಲ. ಸ್ವೈಪ್ ಮಾಡ್ರಿ.

2/8

ಮೊದಲು ಒಂದು ಮಾತು ತಿಳಕೊಳ್ರಿ. ನಾವು "ಮಲಬದ್ಧತೆ" ಅಂತ ಗಾಬರಿ ಆಗೋದರಲ್ಲಿ ಬಹಳಷ್ಟು ಮಲಬದ್ಧತೆಯೇ ಅಲ್ಲ.

ಬರೀ ತಾಯಿ ಹಾಲು ಕುಡಿಯುವ ಕೂಸು ಮೊದಲ ವಾರಗಳಲ್ಲಿ ದಿನಕ್ಕ ಐದಾರು ಸಲ ಹೊರಕಡಿ ಹೋಗಬಹುದು. ಒಂದೂವರೆ ತಿಂಗಳು ದಾಟಿದ ಮ್ಯಾಲ ಅದೇ ಕೂಸು ನಾಲ್ಕೈದು ದಿನಕ್ಕೊಮ್ಮೆ ಹೋಗಬಹುದು, ಒಮ್ಮೊಮ್ಮೆ ವಾರವೂ ಆಗಬಹುದು. ತಾಯಿ ಹಾಲಿನಾಗ ವ್ಯರ್ಥ ಹೋಗೂದು ಬಹಳ ಕಡಿಮಿ, ಅದಕ್ಕ ಹೊರಗ ಬರೂದೂ ಕಡಿಮಿ. ಕೂಸು ಚೊಲೊ ಹಾಲು ಕುಡಿತೈತಿ, ಉಚ್ಚಿ ಹೊಯ್ತೈತಿ, ತೂಕ ಏರ್ತೈತಿ, ಬಂದಾಗ ಮೆತ್ತಗ ಬರ್ತೈತಿ ಅಂದ್ರ ಅದು ರೋಗ ಅಲ್ಲ.

ಇನ್ನೊಂದು: ಕೂಸು ಹತ್ತು ಇಪ್ಪತ್ತು ನಿಮಿಷ ಮುಕ್ಕರಿತೈತಿ, ಮುಖ ಕೆಂಪ ಮಾಡ್ತೈತಿ, ಚೀರ್ತೈತಿ, ಕಡೀಕ ಮೆತ್ತಗಿಂದು ಹೋಗ್ತೈತಿ. ಇದೂ ಮಲಬದ್ಧತೆ ಅಲ್ಲ. ಹೊಟ್ಟಿಯಿಂದ ಒತ್ತಡ ಹಾಕೂದು, ಅದೇ ಹೊತ್ತಿಗೆ ಕೆಳಗಿನ ಸ್ನಾಯು ಸಡಿಲ ಬಿಡೂದು, ಈ ಎರಡೂ ಕೆಲಸ ಕೂಡಿಸೂದನ್ನ ಕೂಸು ಇನ್ನೂ ಕಲಿಯಾಕ ಹತ್ತಿರತೈತಿ. ನಡೆಯೂದು ಕಲಿಯೋವಾಗ ಬೀಳತಾವಲ್ಲ, ಹಂಗ. ಇಂಥಾ ಹೊತ್ತಿನಾಗ ಔಷಧ ಕೊಟ್ರ ಕಲಿಯೋ ಕೂಸಿನ ಅಭ್ಯಾಸ ನಾವ ಕೆಡಿಸಿದಂಗ.

ನಿಜವಾದ ಮಲಬದ್ಧತೆ ಎಷ್ಟು ದಿನ ಆತು ಅನ್ನೂದರಾಗಷ್ಟ ಇಲ್ಲ, ಹೆಂಗ ಬಂತು ಅನ್ನೂದರಾಗ ಐತಿ. ಆಡಿನ ಹಿಕ್ಕಿಯಂಗ ಗಟ್ಟಿ ಗುಂಡು, ಹೋಗೋವಾಗ ನೋವು, ಕೆಲವೊಮ್ಮೆ ರಕ್ತದ ಗೆರಿ. ದಿನ ಎಣಿಸೂ ಮೊದಲು ಲಂಗೋಟಿ ನೋಡ್ರಿ.

3/8

ಈಗ ಘುಟ್ಟಿ. ಬೈಯಾಕ ರೆಡಿ ಆಗ್ರಿ.

ನಮ್ಮ ಕಡೆ ಬಾಣಂತಿ ಮನ್ಯಾಗ ಸಾಣಿಕಲ್ಲು ಇಲ್ಲದ ಮನಿ ಕಡಿಮಿ. ಅಳಲೆಕಾಯಿ, ಬಜಿ, ಜಾಯಿಕಾಯಿ, ಮಾಚಿಕಾಯಿ, ಜ್ಯೇಷ್ಠಮಧು, ಅರಿಶಿಣ ಕೊಂಬು, ಖಾರೀಕು, ಬದಾಮಿ, ಎಲ್ಲಾ ಒಂದೊಂದು ಸುತ್ತು ತೇಯ್ದು ಎದಿ ಹಾಲಿನಾಗ ಕಲಿಸಿ ಕೂಸಿನ ಬಾಯಿಗೆ. ನೂರು ವರ್ಷದ ಪದ್ಧತಿ ಅಂತಾರ. ಇರಬಹುದು. ಆದ್ರ ಆ ತಾಟಿನಾಗ ಏನೈತಿ ಅಂತ ಒಂದ್ಸಲ ಲೆಕ್ಕ ಹಾಕ್ರಿ.

ಅಳಲೆಕಾಯಿ ಹೊಟ್ಟಿ ಸಡಿಲ ಮಾಡ್ತೈತಿ. ಮಾಚಿಕಾಯಿಯಾಗ ಟ್ಯಾನಿನ್ ತುಂಬಿರತೈತಿ, ಅದು ಹೊಟ್ಟಿ ಬಿಗಿ ಮಾಡ್ತೈತಿ. ಒಂದೇ ಕಲ್ಲಿನ ಮ್ಯಾಲ ಜಮಾನೂ ಖರ್ಚೂ ಎರಡೂ ಬರದಂಗಾತು. ಜಾಯಿಕಾಯಿ ಹೆಚ್ಚಾದ್ರ ಮಂಪರು ಬರತೈತಿ. "ಘುಟ್ಟಿ ಕುಡದು ಕೂಸು ಶಾಣ್ಯಾ ಆಗಿ ಮಲಗೇತಿ" ಅನ್ನೂದರ ಹಿಂದ ಏನಿರಬಹುದು, ವಿಚಾರ ಮಾಡ್ರಿ. ಬಜಿಯಾಗಿರುವ ಬೀಟಾ ಅಸಾರೋನ್ ಅನ್ನೋ ಅಂಶಕ್ಕಾಗಿ ಅಮೆರಿಕಾದವರು 1968ರಲ್ಲೇ ಬಜಿಯನ್ನ ಆಹಾರದಲ್ಲಿ ಸೇರಿಸುವುದನ್ನ ನಿಷೇಧಿಸಿದ್ರು. ಅದು ದೊಡ್ಡವರ ಆಹಾರದ ಮಾತು. ನಾವು ನಲವತ್ತು ದಿನದ ಕೂಸಿಗೆ ನೆಕ್ಕಿಸ್ತೀವಿ.

ಅಳತಿ ಎಷ್ಟು? "ಎರಡು ಸುತ್ತು." ಯಾರ ಕೈಯ ಸುತ್ತು, ಎಷ್ಟು ಒತ್ತಿ, ಎಂಥಾ ಕಲ್ಲಿನ ಮ್ಯಾಲ? ಔಷಧ ಅಂತ ಒಪ್ಪಿದ್ರ ಅಳತಿ ಬೇಕು. ಅಳತಿ ಬ್ಯಾಡ ಅಂದ್ರ ಅದನ್ನ ಔಷಧ ಅನ್ನಬ್ಯಾಡ್ರಿ.

4/8

ರೀಲಿನ ಉಳಿದ ಉಪಾಯಗಳು, ಒಂದೊಂದಾಗಿ.

ಔಡಲೆಣ್ಣಿ: ನಾಲ್ಕು ಕಿಲೋ ಕೂಸಿಗೆ 5 ಎಂಎಲ್ ಚಮಚ ಅಂದ್ರ, ಅದೇ ಪ್ರಮಾಣದಾಗ ಅರವತ್ತು ಕಿಲೋ ಮನಷ್ಯಾಗ 75 ಎಂಎಲ್. ನೀವು ಕುಡದು ತೋರಸ್ರಿ ನೋಡೂಣು. ಅದು ಕರುಳನ್ನ ಕೆರಳಿಸಿ ಓಡಿಸೋ ಎಣ್ಣಿ, ಭೇದಿ ಹತ್ತಿದ್ರ ಸಣ್ಣ ಮೈಯಾಗಿನ ನೀರು ಲಗೂನ ಖಾಲಿ ಆಗತೈತಿ. ಅದಕ್ಕಿಂತ ಕೆಟ್ಟದ್ದು ಇನ್ನೊಂದು: ಎಣ್ಣಿ ದಾರಿ ತಪ್ಪಿ ಶ್ವಾಸನಾಳಕ್ಕ ಇಳಿದ್ರ ನೀರಿನಂಗ ಕೆಮ್ಮು ತರಿಸೂದಿಲ್ಲ, ಸುಮ್ಮನ ಪುಪ್ಪುಸಕ್ಕ ಜಾರತೈತಿ. ಎಣ್ಣಿಯಿಂದ ಆಗೋ ನ್ಯುಮೋನಿಯಾ ಅಂತ ಅದಕ್ಕ ಬ್ಯಾರೆ ಹೆಸರೇ ಐತಿ. ಅಳೋ ಕೂಸಿನ ಮೂಗು ಹಿಡಿದು ಕುಡಿಸೋರು ಇದನ್ನ ಎರಡು ಸಲ ಓದ್ರಿ.

ಸಬಕಾರದ ಚೂರು, ಎಲಿ ತೊಟ್ಟು: ಹೌದು, ಹಾಕಿದ ಕೂಡಲೇ ಹೋಗತೈತಿ. ಯಾಕಂದ್ರ ಸಬಕಾರ ಒಳಗಿನ ನಾಜೂಕ ಚರ್ಮ ಸುಡತೈತಿ, ತೊಟ್ಟು ಚುಚ್ಚತೈತಿ. ಗಾಯ ಆದ ಕೂಸು ನೋವಿಗೆ ಅಂಜಿ ಮತ್ತ ತಡಿತೈತಿ. ಮುಂದಿನ ಸಲ ನಿಜವಾಗ್ಲೂ ಗಟ್ಟಿ ಆಗತೈತಿ.

ಜೇನು: ಒಂದು ವರ್ಷದ ಒಳಗ ಬೆರಳಿನ ತುದಿಯಷ್ಟೂ ಬ್ಯಾಡ. ಜೇನಿನಾಗ ಬೊಟುಲಿಸಮ್ ರೋಗಾಣುವಿನ ಬೀಜ ಇರಬಹುದು, ಕೂಸಿನ ಕರುಳಿನಾಗ ಅದು ಮೊಳಕಿ ಒಡದು ವಿಷ ಬಿಡತೈತಿ. ಆ ರೋಗದ ಮೊದಲ ಲಕ್ಷಣ ಬಹಳ ಸಲ ಏನ ಗೊತ್ತೈತಿ? ಮಲಬದ್ಧತೆ. ಮದ್ದು ಅಂತ ಕೊಟ್ಟದ್ದ ರೋಗ ತರತೈತಿ.

ಗ್ರೈಪ್ ವಾಟರ್: 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ಶುರು ಮಾಡಿದ್ದು. ಹಳೇ ಕಾಲದ ಬಾಟಲಿಯಾಗ ಆಲ್ಕೊಹಾಲ್ ಇತ್ತು, ಸಕ್ಕರಿ ಇತ್ತು. ಕೂಸು ಯಾಕ ಸುಮ್ಮನಾಗತಿತ್ತು ಅಂತ ಬಿಡಿಸಿ ಹೇಳಬೇಕಾ? ಆಲ್ಕೊಹಾಲ್ ಹೋತು, ನಂಬಿಕಿ ಉಳೀತು.

5/8

ಇಷ್ಟು ಸಿಟ್ಟು ಯಾಕ ಅಂದ್ರ ಇದಕ್ಕ. ಈ ಸ್ಲೈಡ್ ಒಂದನ್ನಾದ್ರೂ ಪೂರ್ತಿ ಓದ್ರಿ.

ಮನಿಮದ್ದಿನ ದೊಡ್ಡ ಹಾನಿ ಕಳಕೊಂಡ ದಿನಗಳು. ಹುಟ್ಟಿದ ಕೂಸು ಸಾಮಾನ್ಯವಾಗಿ 24 ತಾಸಿನೊಳಗ ಕಪ್ಪು ಜಿಗಟು ಮಲ ಹೋಗಬೇಕು. 48 ತಾಸು ದಾಟಿದ್ರ ಡಾಕ್ಟರು ತಪಾಸಣೆ ಮಾಡಲೇಬೇಕು. ಕಾರಣ, ಸುಮಾರು ಐದು ಸಾವಿರ ಕೂಸುಗಳಲ್ಲಿ ಒಂದಕ್ಕೆ ಕರುಳಿನ ಕಡೆಯ ಭಾಗದಲ್ಲಿ ನರಕೋಶಗಳೇ ಇರುವುದಿಲ್ಲ. ಆ ಭಾಗ ಸಡಿಲ ಆಗೂದಿಲ್ಲ, ಹಿಂದಿಂದೆಲ್ಲಾ ತುಂಬಿ ಹೊಟ್ಟಿ ಊದತೈತಿ. ಡೆನ್ಮಾರ್ಕಿನ ಮಕ್ಕಳ ವೈದ್ಯ ಹರಾಲ್ಡ್ ಹಿರ್ಷ್‌ಸ್ಪ್ರಂಗ್ 1886ರಲ್ಲಿ ಇದನ್ನ ವಿವರಿಸಿದ, ರೋಗಕ್ಕ ಅವನದೇ ಹೆಸರು. ಇದಕ್ಕ ಶಸ್ತ್ರಚಿಕಿತ್ಸೆ ಐತಿ, ಕೂಸು ಬದುಕತೈತಿ, ಬೆಳಿತೈತಿ. ಔಡಲೆಣ್ಣಿಯಿಂದ ನರ ಹುಟ್ಟಂಗಿಲ್ಲ.

ಎರಡನೇದು ಥೈರಾಯ್ಡ್. ಹುಟ್ಟಿನಿಂದಲೇ ಥೈರಾಯ್ಡ್ ಕಡಿಮಿ ಇರೋ ಕೂಸು ಹೊರಕಡಿ ಸರಿ ಹೋಗೂದಿಲ್ಲ, ಬಹಳ ಮಲಗತೈತಿ, ಹಾಲಿಗೆ ಅಳೂದಿಲ್ಲ, ದನಿ ಗೊಗ್ಗರು, ಕಾಮಾಲೆ ಲಗೂ ಇಳಿಯೂದಿಲ್ಲ. ಮನ್ಯಾಗ ಎಲ್ಲಾರೂ "ಎಷ್ಟು ಶಾಂತ ಕೂಸು" ಅಂತ ಹೊಗಳತಾರ. ಮೊದಲ ಎರಡು ವಾರದೊಳಗ ಗೊತ್ತಾದ್ರ ದಿನಕ್ಕ ಒಂದು ಸಣ್ಣ ಗುಳಿಗಿ, ಕೂಸು ಎಲ್ಲಾರಂಗ ಬೆಳಿತೈತಿ. ತಿಂಗಳುಗಟ್ಟಲೆ ಘುಟ್ಟಿ ತೇಯಕೋತ ಕುಂತ್ರ ಮೆದುಳಿಗೆ ಆದ ಹಾನಿ ತಿರುಗಿ ಬರೂದಿಲ್ಲ. ಅದಕ್ಕ ಹೆರಿಗಿ ಆದ ದವಾಖಾನ್ಯಾಗ ಕೇಳ್ರಿ: "ಕೂಸಿನ ಥೈರಾಯ್ಡ್ ರಕ್ತ ತಪಾಸಣೆ ಆಗೇತೇನ್ರಿ?" ಒಂದು ಹಿಮ್ಮಡಿ ಚುಚ್ಚಿ ಕೆಲವು ಹನಿ ರಕ್ತ ತಗೋತಾರ, ಅಷ್ಟ.

ಅಂಥಾ ಕೂಸು ಎಲ್ಲೋ ಒಂದು ಇರಬಹುದು. ಆದ್ರ ನೀವು ಫಾರ್ವರ್ಡ್ ಮಾಡಿದ ರೀಲ್ ಯಾವ ಮನಿಗೆ ಹೋತು ಅಂತ ನಿಮಗ ಗೊತ್ತಿಲ್ಲಲ್ಲ.

6/8

ಕೂಸಿಗೆ ಏನಾದ್ರೂ ಆತು ಅಂದ್ರ ಮೊದಲ ಆರೋಪಿ ಯಾರು? ತಾಯಿ. "ನೀ ಬದನಿಕಾಯಿ ತಿಂದಿ", "ತಣ್ಣೀರಾಗ ಕೈ ಹಾಕಿದಿ", "ನಿನ್ನ ಹಾಲ ದಪ್ಪ". ಇಪ್ಪತ್ತು ವರ್ಷದ ಹುಡುಗಿ, ಹೊಲಗಿ ಹಾಕಿದ ಮೈ, ನಿದ್ದಿ ಇಲ್ಲ, ಮ್ಯಾಲ ಈ ಮಾತು. ತಾಯಿ ಹಾಲು ದಪ್ಪಾಗಿ ಕೂಸಿಗೆ ಮಲಬದ್ಧತೆ ಆಗೂದಿಲ್ಲ. ಆ ಮಾತು ಕೇಳಿ ಹಾಲು ಬಿಡಿಸಿ ಎಮ್ಮಿ ಹಾಲೋ ಆಕಳ ಹಾಲೋ ಶುರು ಮಾಡಿದ್ರ ಆಗ ಖರೇನ ಗಟ್ಟಿ ಆಗತೈತಿ. ಒಂದು ವರ್ಷದ ಒಳಗಿನ ಕೂಸಿಗೆ ಆ ಹಾಲು ಮುಖ್ಯ ಆಹಾರ ಆಗಬಾರದು, ರಕ್ತಹೀನತೆಯೂ ಬರತೈತಿ.

ಡಬ್ಬಿ ಹಾಲು ಡಾಕ್ಟರು ಬರಕೊಟ್ಟಿದ್ರ ಡಬ್ಬಿ ಮ್ಯಾಲಿನ ಅಳತಿ ಪ್ರಕಾರ ಕಲಸ್ರಿ. "ಗಟ್ಟಿಮುಟ್ಟ ಆಗಲಿ" ಅಂತ ಒಂದು ಚಮಚ ಪುಡಿ ಹೆಚ್ಚು ಹಾಕಿದ್ರ ಗಟ್ಟಿ ಆಗೂದು ಕೂಸಲ್ಲ.

ಆರು ತಿಂಗಳ ತನಕ ತಾಯಿ ಹಾಲು ಒಂದ ಸಾಕು, ನೀರೂ ಬ್ಯಾಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತೈತಿ. ರಾಯಬಾಗದ ಏಪ್ರಿಲ್ ಬಿಸಿಲಿನಾಗೂ ಬ್ಯಾಡ, ಹಾಲಿನಾಗ ಬಹುಪಾಲು ನೀರ ಇರತೈತಿ. ನಮ್ಮದು ಕಬ್ಬಿನ ನಾಡು ಖರೆ, ಅದಕ್ಕಂತ ಬೆಲ್ಲದ ನೀರು ಕೂಸಿಗೆ ಬ್ಯಾಡ.

7/8

ಕಾಮೆಂಟಿನಾಗ ಬರೋ ಮಾತು ನನಗ ಗೊತ್ತು.

"ನಮ್ಮನ್ನೂ ಹಂಗ ಬೆಳೆಸ್ಯಾರ, ನಾವು ಸತ್ತೇವೇನು?" ಸತ್ತವರು ಕಾಮೆಂಟ್ ಹಾಕೂದಿಲ್ಲ. ನೂರು ವರ್ಷದ ಹಿಂದ ಮುಂಬೈ ಗಿರಣಿಗೆ ದುಡಿಯಾಕ ಹೋಗೋ ತಾಯಂದಿರು ಕೂಸಿಗೆ ಅಫೀಮಿನ ಗುಳಿಗಿ ಕೊಟ್ಟು ಮಲಗಿಸಿ ಹೋಗತಿದ್ರು. ಅದೂ ಪದ್ಧತಿನ. ಈಗ ಯಾರಾದ್ರೂ ಕೊಡತೀರೇನು?

"ಆಯಿಗೆ ಅವಮಾನ ಮಾಡತಿ." ಇಲ್ಲ. ಆಯಿಯ ಕೈಯ ಎಣ್ಣಿ ತಿಕ್ಕೂದು, ಕಾಲ ಮ್ಯಾಲ ಮಲಗಿಸಿಕೊಂಡು ಬೆಚ್ಚಗಿನ ನೀರು ಎರಿಯೂದು, ಹೊಟ್ಟಿ ಮ್ಯಾಲ ಹಗೂರಕ ಕೈ ಆಡಿಸೂದು, ಇವನ್ನ ಡಾಕ್ಟರೂ ಬ್ಯಾಡ ಅನ್ನಂಗಿಲ್ಲ. ಆಯಿಯ ಕೈ ಇರಲಿ, ಬಾಯಿಗೆ ಹಾಕೂದು ಮೂಗಿಗೆ ಬಿಡೂದು ನಿಲ್ಲಲಿ.

"ದವಾಖಾನಿಗೆ ರೊಕ್ಕ ಯಾರು ಕೊಡತಾರ?" ಇದು ಖರೇ ಪ್ರಶ್ನೆ. ನಿಪ್ಪಾಣಿಯಾಗ ಬೀಡಿ ಕಟ್ಟೋ ತಾಯಿಗೆ, ಕಬ್ಬಿನ ಗ್ಯಾಂಗಿನಾಗ ಬಂದ ತಾಯಿಗೆ ಒಂದು ದಿನ ಅಂದ್ರ ಒಂದು ದಿನದ ಪಗಾರ. ಅವರಿಗೆ ಬುದ್ಧಿ ಹೇಳೂ ಹಕ್ಕು ನನಗಿಲ್ಲ. ಆದ್ರ ಹಕ್ಕಿನ ಲೆಕ್ಕ ಹೇಳಬಲ್ಲೆ. ಆಶಾ ಕಾರ್ಯಕರ್ತೆ ಹೆರಿಗಿ ಆದ 3, 7, 14, 21, 28, 42ನೇ ದಿನ ಮನಿಗೆ ಬರಬೇಕು, ಇದು ಸರ್ಕಾರದ ನಿಯಮ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಅಡಿ ಕಾಯಿಲೆಯ ಕೂಸಿಗೆ ಸರ್ಕಾರಿ ದವಾಖಾನ್ಯಾಗ ತಪಾಸಣೆ, ಔಷಧ, ಹೋಗಿಬರೋ ಗಾಡಿ ಪುಕ್ಕಟೆ. ಫೋನಿನಾಗ ಕೇಳಾಕ 104, ಗಾಡಿಗೆ 108.

ಹಾಲಿನ ಪುಡಿ ಕಂಪನಿ ಕೂಸಿನ ಆಹಾರದ ಜಾಹೀರಾತು ಕೊಡಂಗಿಲ್ಲ ಅಂತ 1992ರ ಕಾನೂನು ಐತಿ. ವ್ಯೂಸ್‌ಗಾಗಿ ಕೂಸಿಗೆ ಎಣ್ಣಿ ಕುಡಸ್ರಿ ಅನ್ನೋ ರೀಲಿಗೆ ತಡಿ ಹಾಕೋರು ಯಾರು? ಸದ್ಯಕ್ಕ ನಾವ.

8/8

ಹಂಗಾದ್ರ ಮಾಡೂದೇನು? ಇದನ್ನ ಸೇವ್ ಮಾಡ್ಕೊಳ್ರಿ.

ಮುಕ್ಕರಿಯೋ ಕೂಸಿಗೆ: ಅಂಗಾತ ಮಲಗಿಸಿ ಕಾಲು ಸೈಕಲ್ ತುಳದಂಗ ಆಡಸ್ರಿ. ಹೊಕ್ಕಳ ಸುತ್ತ ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೆ ಹಗೂರಕ ತಿಕ್ಕರಿ. ಬೆಚ್ಚಗಿನ ನೀರು ಎರೀರಿ. ಹಾಲು ಕುಡಸ್ಕೋತ ಇರ್ರಿ. ತಾಳ್ಮಿ ಇರಲಿ.

ಆರು ತಿಂಗಳು ದಾಟಿದ ಕೂಸಿಗೆ: ಬಿಸ್ಕೀಟು ಅದ್ದಿದ ಹಾಲು ಬಿಡಸ್ರಿ. ಹೆಸರುಬ್ಯಾಳಿ, ಬೇಯಿಸಿದ ಕಾಯಿಪಲ್ಯ, ಪಪ್ಪಾಯಿ, ನಡುನಡುವ ಕಾಸಿ ಆರಿಸಿದ ನೀರು.

ತಡ ಮಾಡದ ದವಾಖಾನಿಗೆ: ಹುಟ್ಟಿದ ಮ್ಯಾಲ ಎರಡು ದಿನ ಕಪ್ಪು ಮಲ ಹೋಗದಿದ್ರ, ಹೊಟ್ಟಿ ಊದಿ ಬಿಗಿ ಆದ್ರ, ಹಸಿರು ವಾಂತಿ ಆದ್ರ, ಮಲದಾಗ ರಕ್ತ ಕಂಡ್ರ, ಜ್ವರ ಬಂದ್ರ, ಹಾಲು ಬಿಟ್ರ, ತೂಕ ಏರದಿದ್ರ. ತಿಂಗಳ ಒಳಗಿನ ಕೂಸಿಗೆ ಗಟ್ಟಿ ಹಿಕ್ಕಿಯಂಗ ಬಂದ್ರೂ ಹೋಗಲೇಬೇಕು. ಔಷಧ ಯಾವುದು, ಎಷ್ಟು ಅಂತ ಅಲ್ಲಿ ಹೇಳತಾರ, ಮೆಡಿಕಲ್ ಕೌಂಟರಿನಾಗ ಅಲ್ಲ. ಕಾಗವಾಡದವರು ಮಿರಜಿಗೆ, ನಿಪ್ಪಾಣಿಯವರು ಕೊಲ್ಲಾಪುರಕ್ಕ, ಚಿಕ್ಕೋಡಿಯವರು ಬೆಳಗಾವಿಗೆ ಓಡಬೇಕಾದೀತು. ದಾರಿ ಮೊದಲ ದೂರ ಐತಿ, ಮನ್ಯಾಗ ಎರಡು ದಿನ ಘುಟ್ಟಿ ತೇಯ್ದು ಅದನ್ನ ಇನ್ನೂ ದೂರ ಮಾಡಬ್ಯಾಡ್ರಿ.

ಮತ್ತ ಆ ರೀಲ್ ನಿಮ್ಮ ಗ್ರೂಪಿಗೆ ಬಂದ್ರ ಅದರ ಕೆಳಗ ಈ ಸ್ಲೈಡ್ ಹಾಕ್ರಿ. ಕಾಕಾ ಸಿಟ್ಟಾದ್ರ ಆಗಲಿ.

#ಚಿಕ್ಕೋಡಿ #ನಿಪ್ಪಾಣಿ #ರಾಯಬಾಗ #ಅಥಣಿ #ಕಾಗವಾಡ #ಕೂಸು #ಬಾಣಂತನ #ಫಾರ್ವರ್ಡ್_ಮಾಡೂ_ಮೊದಲು