ಔಷಧಕ್ಕೆ ತಕ್ಕಂತೆ ಲೈನ್ ಬದಲಿಸುವ ನಿಯಮ ಕೋರಿ ಮನವಿ

ಇವರಿಗೆ,
ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು, ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಐಸಿಯುಗಳಲ್ಲಿ ನಿದ್ರಾಜನಕ ಔಷಧದ ಟ್ಯೂಬಿಂಗ್ ಬದಲಿಸುವ ಅವಧಿ ಕುರಿತು

ಮಾನ್ಯರೇ,

ವೆಂಟಿಲೇಟರ್‌ನಲ್ಲಿರುವ ರೋಗಿಯ ಪಕ್ಕದಲ್ಲಿ ಎರಡು ಸಿರಿಂಜ್ ಪಂಪ್‌ಗಳು ಓಡುತ್ತಿರುತ್ತವೆ ಎಂದಿಟ್ಟುಕೊಳ್ಳೋಣ. ಒಂದರಲ್ಲಿ ತಿಳಿಯಾದ ಮಿಡಜೋಲಾಮ್, ಇನ್ನೊಂದರಲ್ಲಿ ಹಾಲುಬಣ್ಣದ ಪ್ರೊಪೊಫಾಲ್. ಎರಡರ ಲೈನನ್ನೂ ದಿನಕ್ಕೊಮ್ಮೆ ಬದಲಿಸಿದರೆ ಮೊದಲನೆಯದು ವ್ಯರ್ಥವಾಗಿ ಕಸಕ್ಕೆ ಹೋಗುತ್ತದೆ, ಎರಡನೆಯದು ಹೊತ್ತು ಮೀರಿ ರೋಗಿಯ ರಕ್ತನಾಳಕ್ಕೆ ಅಂಟಿಕೊಂಡಿರುತ್ತದೆ. ಐಸಿಯು ಶುಶ್ರೂಷಾಧಿಕಾರಿಗಳ ಅಹವಾಲು ಇದೇ.

ಪ್ರೊಪೊಫಾಲ್‌ಗೆ ಆ ಬಿಳುಪು ಬಂದಿರುವುದು ಅದರಲ್ಲಿರುವ ಶೇ. 10ರಷ್ಟು ಸೋಯಾ ಎಣ್ಣೆ ಹಾಗೂ ಮೊಟ್ಟೆಯ ಲೆಸಿಥಿನ್‌ನಿಂದ. ಕೈಯಿಂದಲೋ ವಯಲ್‌ನ ಬಾಯಿಂದಲೋ ಒಳಸೇರಿದ ಬ್ಯಾಕ್ಟೀರಿಯಾ ಈ ಜಿಡ್ಡಿನಲ್ಲಿ ಬೇಗ ಬೆಳೆಯುತ್ತದೆ. 1990ರಿಂದ 1993ರ ನಡುವೆ ಅಮೆರಿಕದ ಏಳು ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದವರಿಗೆ ರಕ್ತದ ಸೋಂಕು, ಗಾಯದ ಸೋಂಕು, ಜ್ವರ ಕಾಣಿಸಿಕೊಂಡಾಗ ಅಲ್ಲಿನ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರ (ಸಿಡಿಸಿ) ತನಿಖೆ ನಡೆಸಿತು. ಜಾಡು ಹಿಡಿದು ಹೋದವರಿಗೆ ಸಿಕ್ಕಿದ್ದು ಶುಚಿತ್ವ ತಪ್ಪಿ ಬಳಸಿದ ಪ್ರೊಪೊಫಾಲ್. ಬಳಿಕ ಮೂಲ ತಯಾರಿಕೆಗೆ ಇಡಿಟಿಎ ಸೇರಿಸಲಾಯಿತು. ಅದು ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ನಿಧಾನಿಸುತ್ತದೆ, ಅಷ್ಟೇ. ಎಲ್ಲ ಬ್ರ್ಯಾಂಡ್‌ಗಳಲ್ಲೂ ಅದು ಇರುವುದಿಲ್ಲ.

ಸಿಡಿಸಿಯ 2011ರ ಮಾರ್ಗಸೂಚಿ ಪ್ರೊಪೊಫಾಲ್ ಲೈನನ್ನು ತಯಾರಕರ ಸೂಚನೆಯಂತೆ 6 ಅಥವಾ 12 ಗಂಟೆಗೊಮ್ಮೆ, ವಯಲ್ ಬದಲಾದಾಗ ತೆಗೆಯಲು ಹೇಳುತ್ತದೆ. ರಕ್ತವಾಗಲಿ ಕೊಬ್ಬಿನಂಶವಾಗಲಿ ಇಲ್ಲದೆ ನಿರಂತರವಾಗಿ ಹರಿಯುವ ಲೈನ್‌ಗಳನ್ನು 96 ಗಂಟೆಗಿಂತ ಮೊದಲು ಮುಟ್ಟಬೇಕಿಲ್ಲ. ಆಸ್ಟ್ರೇಲಿಯಾದ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೂ ಇಂಥ ಸೆಟ್‌ಗಳನ್ನು 4 ದಿನದ ಬದಲು 7 ದಿನಕ್ಕೊಮ್ಮೆ ಬದಲಿಸಿದರೆ ಸೋಂಕು ಹೆಚ್ಚುವುದಿಲ್ಲವೆಂದು ತೋರಿಸಿದೆ. ಕಾರಣವಿಲ್ಲದೆ ಜೋಡಣೆ ಬಿಚ್ಚಿದಷ್ಟೂ ಸಲ ರೋಗಾಣುವಿಗೆ ದಾರಿ ತೆರೆದಂತೆ.

ಆದ್ದರಿಂದ ಪ್ರೊಪೊಫಾಲ್‌ನ ಸಿರಿಂಜ್ ಮತ್ತು ಲೈನಿಗೆ ಗರಿಷ್ಠ 12 ಗಂಟೆ, ಲೇಬಲ್ ಕಡಿಮೆ ಹೇಳಿದ್ದರೆ ಅಷ್ಟೇ ಎಂದು ಇಲಾಖೆ ಸುತ್ತೋಲೆ ಹೊರಡಿಸಬೇಕು. ಮಿಡಜೋಲಾಮ್, ಫೆಂಟನಿಲ್ ಲೈನ್‌ಗಳಿಗೆ, ಕೊಳೆಯಾಗದ ಹೊರತು, 96 ಗಂಟೆ ಇರಲಿ. ತ್ರೀ-ವೇಯಲ್ಲಿ ಎರಡೂ ಕೂಡುವ ಕಡೆ ಮುಂದಿನ ತುಂಡಿಗೂ ಪ್ರೊಪೊಫಾಲ್‌ನ ಅವಧಿಯೇ ಅನ್ವಯಿಸಲಿ. ಪ್ರತಿ ಲೈನಿನ ಮೇಲೆ ಹಾಕಿದ ದಿನಾಂಕ, ಗಂಟೆಯ ಚೀಟಿ ಕಡ್ಡಾಯವಾಗಲಿ.

ಸುತ್ತೋಲೆಯಷ್ಟೇ ಮುಖ್ಯವಾದದ್ದು ಸರಬರಾಜು. ರಾತ್ರಿ ಪಾಳಿಯಲ್ಲಿ ಎಕ್ಸ್‌ಟೆನ್ಷನ್ ಲೈನ್ ಮುಗಿದರೆ 12 ಗಂಟೆಯ ನಿಯಮ ಪಾಲಿಸಲು ಯಾವ ನರ್ಸಿಗೂ ಸಾಧ್ಯವಿಲ್ಲ. ಪ್ರೊಪೊಫಾಲ್ ಪಡೆಯುವ ಪ್ರತಿ ರೋಗಿಗೆ ದಿನಕ್ಕೆ ಕನಿಷ್ಠ ಎರಡು ಲೈನ್, ವಯಲ್ ಬದಲಾವಣೆಗೆ ಹೆಚ್ಚುವರಿ ಲೈನ್‌ಗಳು ಎಂಬ ಲೆಕ್ಕದಲ್ಲಿ ಇಂಡೆಂಟ್ ಮಂಜೂರು ಮಾಡಬೇಕೆಂದು ಮನವಿದಾರರು ಕೋರುತ್ತಾರೆ.

ಇಂತಿ,
ಐಸಿಯು ಶುಶ್ರೂಷಾಧಿಕಾರಿಗಳು