ಸಿಲಿಕೋನ್ ದ್ರವಗಳೂ ಹಾರ್ಮೋನ್ ಪರೀಕ್ಷೆಯೂ

ಸಿಂಪಡಿಸಿದ ಔಷಧವು ಎಲೆಯ ಮೇಲೆ ನಿಲ್ಲದೆ ಜಾರಿಹೋದರೆ ಶ್ರಮವೂ ಹಣವೂ ವ್ಯರ್ಥವಾಗುವುವೆಂಬುದು ಭೂಮಾಲೀಕರಿಗೆಲ್ಲ ತಿಳಿದ ವಿಷಯವೇ ಆಗಿದೆ. ಹಿಂದಿನವರು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ರಾಳವನ್ನೂ ಸೋಡವನ್ನೂ ಕುದಿಸಿದ ಅಂಟನ್ನು ಸೇರಿಸುತ್ತಿದ್ದರು. ಈಗ ಅದೇ ಉದ್ದೇಶಕ್ಕಾಗಿ ಸಿಲಿಕೋನ್ ಜಾತಿಯ ದ್ರವಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಅಲ್ಪ ಪ್ರಮಾಣದಲ್ಲಿ ಬೆರೆಸಿದರೂ ನೀರು ಎಲೆಯ ಮೇಲೆ ತೆಳುವಾಗಿ ಹರಡುವುದು. ಇವುಗಳ ಪ್ರಯೋಜನದಲ್ಲಿ ಸಂದೇಹವಿಲ್ಲ. ಆದರೆ ಔಷಧದ ಗುಣದೋಷಗಳನ್ನು ವಿಚಾರಿಸುವವರು ಅದರೊಡನೆ ಬೆರೆಸುವ ದ್ರವದ ವಿಷಯದಲ್ಲಿ ಉದಾಸೀನರಾಗಿರುವುದು ಯುಕ್ತವಲ್ಲ.

ಒಂದು ವಸ್ತುವು ಪ್ರಾಣಿಯನ್ನು ಕೂಡಲೇ ಕೊಲ್ಲಲಿಲ್ಲವೆಂಬ ಮಾತ್ರಕ್ಕೆ ಅದು ನಿರಪಾಯವೆಂದು ಹೇಳಲಾಗದು. ಶರೀರದ ಗ್ರಂಥಿಗಳಲ್ಲಿ ಹುಟ್ಟಿ ಬೆಳವಣಿಗೆಯನ್ನೂ ಗರ್ಭಧಾರಣೆಯನ್ನೂ ನಡೆಸುವ ಹಾರ್ಮೋನ್‌ಗಳಂತೆ ಕೆಲವು ಕೃತಕ ವಸ್ತುಗಳೂ ವರ್ತಿಸುತ್ತವೆ. 1938ರಲ್ಲಿ ಇಂಗ್ಲೆಂಡಿನಲ್ಲಿ ಸಿದ್ಧಪಡಿಸಲಾದ ಸ್ಟಿಲ್ಬೆಸ್ಟ್ರಾಲ್ ಎಂಬುದು ಇಂಥ ವಸ್ತು. ಅಮೆರಿಕದಲ್ಲಿ ಇದನ್ನು ಗರ್ಭಿಣಿಯರಿಗೆ ಔಷಧವಾಗಿಯೂ ದನಗಳನ್ನು ಕೊಬ್ಬಿಸುವುದಕ್ಕಾಗಿಯೂ ಕೊಟ್ಟರು. ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಅಪೂರ್ವವಾದ ಒಂದು ಬಗೆಯ ಕ್ಯಾನ್ಸರ್ ತಲೆದೋರಿದುದು 1971ರಲ್ಲಿ ಪ್ರಕಟವಾಯಿತು. ದನಗಳಿಗೆ ಕೊಡುವುದು ನಿಂತದ್ದಾದರೋ 1979ರಲ್ಲಿ. ತಡವಾಗಿ ಪರೀಕ್ಷಿಸಿದುದರ ಫಲವನ್ನು ಮುಂದಿನ ಪೀಳಿಗೆಯು ಅನುಭವಿಸಬೇಕಾಯಿತು.

ಇಂಥ ಗುಣವನ್ನು ಕಂಡುಹಿಡಿಯುವ ಕ್ರಮವು ಕಠಿಣವಾದುದಲ್ಲ. ಪ್ರಾಯಕ್ಕೆ ಬಾರದ ಅಥವಾ ಅಂಡಾಶಯವನ್ನು ತೆಗೆದ ಹೆಣ್ಣು ಇಲಿಗಳಿಗೆ ಕನಿಷ್ಠ ಮೂರು ದಿವಸ ಆ ವಸ್ತುವನ್ನು ಕೊಟ್ಟು, ಬಳಿಕ ಗರ್ಭಕೋಶವನ್ನು ತೂಗುತ್ತಾರೆ. ತೂಕವು ಹೆಚ್ಚಿದರೆ ಆ ವಸ್ತುವಿನಲ್ಲಿ ಸ್ತ್ರೀ ಹಾರ್ಮೋನಿನ ಗುಣವಿರುವುದೆಂದು ತಿಳಿಯುವುದು. 2007ರಲ್ಲಿ ಈ ಕ್ರಮವು ಅಂತರರಾಷ್ಟ್ರೀಯ ಪದ್ಧತಿಯಾಗಿ ಅಂಗೀಕೃತವಾಯಿತು.

ಸಿಲಿಕೋನ್ ತಯಾರಿಕೆಯಲ್ಲಿ ಉಪಯೋಗಿಸುವ, ಉಂಗುರಾಕಾರದ ಅಣುಗಳುಳ್ಳ ಎರಡು ದ್ರವಗಳನ್ನು ಹೀಗೆಯೇ ಪರೀಕ್ಷಿಸಿದ್ದಾರೆ. ಡಿ-4 ಎಂಬುದರಲ್ಲಿ ಈ ಗುಣವು ಕಂಡುಬಂದಿತು. ಆದರೆ ನಿಜವಾದ ಹಾರ್ಮೋನ್ ಔಷಧಗಳ ಮುಂದೆ ಅದು ಅತ್ಯಲ್ಪ. ಅದರ ನೆರೆಯ ಡಿ-5ರಲ್ಲಿ ಕಂಡುಬರಲಿಲ್ಲ. ಡಿ-4 ಸಂತಾನಶಕ್ತಿಗೆ ಹಾನಿಕರವೆಂಬ ಶಂಕೆಗೆ ಪಾತ್ರವಾದ ವಸ್ತುವೆಂದು ಐರೋಪ್ಯ ಒಕ್ಕೂಟವು ವರ್ಗೀಕರಿಸಿದೆ. ಇದಲ್ಲದೆ ಇವೆರಡೂ ಪರಿಸರದಲ್ಲಿ ಬೇಗ ಕರಗಿಹೋಗುವುದಿಲ್ಲವಾದ ಕಾರಣ, ತೊಳೆದುಹಾಕುವ ಸೌಂದರ್ಯ ಸಾಮಗ್ರಿಗಳಲ್ಲಿ ಶೇಕಡ 0.1 ಅಥವಾ ಅದಕ್ಕಿಂತ ಹೆಚ್ಚಾಗಿ ಇವು ಇರಕೂಡದೆಂದು 2020ರಿಂದ ಅಲ್ಲಿ ನಿರ್ಬಂಧವಿದೆ.

ಇದರಿಂದ ಎರಡು ನೀತಿಗಳು ಸಿದ್ಧಿಸುತ್ತವೆ. ನೆರೆಹೊರೆಯ ಎರಡು ವಸ್ತುಗಳ ಗುಣವೇ ಭಿನ್ನವಾಗಿರುವಾಗ, ಒಂದರ ಫಲಿತಾಂಶವನ್ನು ಮತ್ತೊಂದಕ್ಕೆ ಹಚ್ಚುವುದು ನ್ಯಾಯವಲ್ಲ. ನಾವು ಹೊಲದಲ್ಲಿ ಬೆರೆಸುವ ದ್ರವವು ಡಿ-4 ಅಲ್ಲ. ಅದು ಬೇರೆ ರಚನೆಯುಳ್ಳದ್ದು. ಆದಕಾರಣ ಅನಾವಶ್ಯಕವಾಗಿ ಭಯಪಡತಕ್ಕದ್ದಿಲ್ಲ. ಆದರೆ ಪರೀಕ್ಷಿಸದೆ ಧೈರ್ಯಪಡುವುದೂ ತಪ್ಪೇ. ಔಷಧದಂತೆಯೇ ಅದರೊಡನೆ ಬೆರೆಸುವ ದ್ರವವನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ, ಫಲಿತಾಂಶವನ್ನು ರೈತರಿಗೆ ತಿಳಿಸತಕ್ಕದ್ದು. ಈ ದ್ರವಗಳನ್ನು ಸೇವಿಸಿದ ಜೇನುಹುಳುಗಳ ಕಲಿಯುವ ಶಕ್ತಿಯು ಕುಂದುವುದೆಂದು ಅಮೆರಿಕದ ವಿಜ್ಞಾನಿಗಳು 2012ರಲ್ಲಿ ತೋರಿಸಿಕೊಟ್ಟಿರುವುದರಿಂದ, ಇವು ಕೇವಲ ಜಡವಸ್ತುಗಳೆಂಬ ಮಾತು ಇನ್ನು ನಿಲ್ಲಲಾರದು.

ಗ್ರಾಮದ ಮುಖಂಡರು ಈ ವಿಷಯದಲ್ಲಿ ಮುಂದಾಳುಗಳಾಗಬೇಕು. ಡಬ್ಬಿಯಲ್ಲಿರುವ ವಸ್ತುವಿನ ಹೆಸರನ್ನೂ ಪರೀಕ್ಷೆಯ ವಿವರವನ್ನೂ ವ್ಯಾಪಾರಿಯಿಂದ ಕೇಳಿ ತಿಳಿಯಬೇಕು. ಗೊತ್ತುಮಾಡಿದ ಪ್ರಮಾಣಕ್ಕಿಂತ ಒಂದು ಹನಿಯನ್ನೂ ಹೆಚ್ಚಾಗಿ ಬೆರೆಸಗೊಡಬಾರದು. ಹೂ ಬಿಟ್ಟ ಬೆಳೆಗೆ ಹೊಡೆಯಬಾರದು. ಸಿಂಪಡಿಸುವ ಆಳುಗಳಿಗೆ ಕೈಗವಸು, ಮುಖವಸ್ತ್ರಗಳನ್ನು ಒದಗಿಸಬೇಕು. ಗರ್ಭಿಣಿಯರನ್ನು ಈ ಕೆಲಸಕ್ಕೆ ಸರ್ವಥಾ ನೇಮಿಸಕೂಡದು. ಕೊಳ್ಳುವವರು ಕೇಳಿದ ಹೊರತು ಮಾರುವವರು ಹೇಳುವುದಿಲ್ಲ. ಕೇಳುವ ಅಧಿಕಾರವೂ ಹೊಣೆಯೂ ಭೂಮಾಲೀಕರದಾಗಿವೆ.